ಗ್ಲಾಕೋಮಾ ಆಪರೇಷನ್ ಈ ಕಣ್ಣಿಗೆ ಬೇಕೇ, ಆಗುತ್ತದೆಯೇ? ತೀರ್ಮಾನಕ್ಕೆ ಬರುವ ಬಗೆ

"ಡಾಕ್ಟರು ಆಪರೇಷನ್ ಅಂತಿದ್ದಾರೆ. ಆದರೆ ಅಪ್ಪನಿಗೆ ಕಣ್ಣು ಚೆನ್ನಾಗೇ ಕಾಣುತ್ತಲ್ಲ, ಯಾಕೆ ಬೇಕು?" ಗ್ಲಾಕೋಮಾ ಕ್ಲಿನಿಕ್ಕಿನಲ್ಲಿ ನಾನು ಅತಿ ಹೆಚ್ಚು ಕೇಳಿರುವ ಪ್ರಶ್ನೆ ಇದು. ಇದರ ಉಲ್ಟಾ ಪ್ರಶ್ನೆಯನ್ನೂ ಅಷ್ಟೇ ಸಲ ಕೇಳಿದ್ದೇನೆ: "ಅಮ್ಮನಿಗೆ ಒಂದು ಕಣ್ಣು ಪೂರ್ತಿ ಹೋಗಿದೆ, ಆಪರೇಷನ್ ಮಾಡಿದರೆ ವಾಪಸ್ ಬರುತ್ತಾ?" ಚೆನ್ನಾಗಿ ಕಾಣುವ ಕಣ್ಣಿಗೆ ಆಪರೇಷನ್ ಹೇಳಿ, ಕಾಣದ ಕಣ್ಣಿಗೆ ಬೇಡ ಎನ್ನುವುದು ಮೇಲ್ನೋಟಕ್ಕೆ ವಿಚಿತ್ರವಾಗಿ ಕಾಣುತ್ತದೆ. ಆ ತೀರ್ಮಾನದ ಹಿಂದೆ ಏನೇನು ತೂಗಿ ನೋಡುತ್ತೇವೆ ಎಂಬುದನ್ನು ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ಕಣ್ಣನ್ನು ಪರೀಕ್ಷಿಸಿದ ಡಾಕ್ಟರ ಮಾತಿಗೆ ಇದು ಬದಲಿಯಲ್ಲ. ಅವರ ಮುಂದೆ ಕೂತಾಗ ಏನು ಕೇಳಬೇಕು ಎಂಬುದು ನಿಮಗೆ ಗೊತ್ತಿರಲಿ ಎಂಬುದಷ್ಟೇ ನನ್ನ ಆಸೆ.

ಮೊದಲು: ಆಪರೇಷನ್ನಿಂದ ಏನು ಸಿಗುತ್ತದೆ ಎಂಬುದು ಸ್ಪಷ್ಟವಿರಲಿ

ಕಣ್ಣಿನಿಂದ ಮೆದುಳಿಗೆ ಹೋಗುವ ದೃಷ್ಟಿನರದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಎಳೆಗಳಿರುತ್ತವೆ. ಗ್ಲಾಕೋಮಾದಲ್ಲಿ ಇವು ಒಂದೊಂದಾಗಿ ಸಾಯುತ್ತಾ ಹೋಗುತ್ತವೆ. ಸತ್ತ ಎಳೆಯನ್ನು ಬದುಕಿಸುವ ಹನಿ, ಮಾತ್ರೆ, ಲೇಸರ್, ಆಪರೇಷನ್ ಯಾವುದೂ ಇವತ್ತಿಗೆ ಇಲ್ಲ. ನಮ್ಮ ಕೈಯಲ್ಲಿರುವುದು ಕಣ್ಣೊಳಗಿನ ಒತ್ತಡವನ್ನು ಇಳಿಸುವುದು ಮಾತ್ರ. ಒತ್ತಡ ಇಳಿದರೆ ಉಳಿದ ಎಳೆಗಳು ಸಾಯುವ ವೇಗ ಕಡಿಮೆಯಾಗುತ್ತದೆ, ಎಷ್ಟೋ ಸಲ ನಿಂತೇ ಹೋಗುತ್ತದೆ.

ಪೊರೆ ಆಪರೇಷನ್ ಮಾಡಿಸಿಕೊಂಡವರು ನಾಲ್ಕು ದಿನಕ್ಕೇ ಲೋಕ ಹೊಳಪಾಯಿತು ಎನ್ನುತ್ತಾರೆ. ಗ್ಲಾಕೋಮಾ ಆಪರೇಷನ್ ಆದವರಿಗೆ ಮೊದಲ ಕೆಲವು ವಾರ ಮೊದಲಿಗಿಂತ ಮಂಜಾಗಿಯೇ ಕಾಣುತ್ತದೆ. ಕನ್ನಡಕದ ನಂಬರ್ ಬದಲಾಗಬಹುದು, ಪೊರೆ ಬೇಗ ಬೆಳೆಯಬಹುದು. ಇದನ್ನು ಮುಂಚೆಯೇ ತಿಳಿಸದಿದ್ದರೆ ಆಪರೇಷನ್ ಚೆನ್ನಾಗಿ ಆಗಿದ್ದರೂ ರೋಗಿ ಮೋಸ ಹೋದೆ ಎಂದುಕೊಳ್ಳುತ್ತಾರೆ. "ಇರುವ ದೃಷ್ಟಿ ಉಳಿಸಿಕೊಳ್ಳಲು ಮಾಡಿಸುತ್ತಿದ್ದೇನೆ" ಎಂದು ರೋಗಿಯೇ ತಮ್ಮ ಮಾತಿನಲ್ಲಿ ಹೇಳುವ ತನಕ ನಾನು ಮುಂದಿನ ಮಾತಿಗೆ ಹೋಗುವುದಿಲ್ಲ.

ಬೆಳಕೂ ಗೊತ್ತಾಗದಷ್ಟು ಹೋಗಿಬಿಟ್ಟ ಕಣ್ಣಿಗೆ ಈ ಆಪರೇಷನ್ ಬೇಡ ಎನ್ನುವುದೂ ಇದೇ ಕಾರಣಕ್ಕೆ. ಅಂಥ ಕಣ್ಣಿನಲ್ಲಿ ನೋವಿದ್ದರೆ ಅದನ್ನು ಹನಿಯಿಂದಲೋ, ಕಣ್ಣೊಳಗೆ ನೀರು ಸ್ರವಿಸುವ ಭಾಗಕ್ಕೆ ಲೇಸರ್ ಕೊಟ್ಟೋ ತಗ್ಗಿಸಬಹುದು.

ಹನಿ ನಿಜವಾಗಿ ಕಣ್ಣಿಗೆ ಬೀಳುತ್ತಿದೆಯೇ?

"ಹನಿ ಹಾಕಿದರೂ ಒತ್ತಡ ಇಳಿಯುತ್ತಿಲ್ಲ" ಎಂದು ಕಳಿಸಿದ ರೋಗಿಗಳಿಗೆ ನಾನು ಮಾಡಿಸುವ ಮೊದಲ ಪರೀಕ್ಷೆಗೆ ಯಾವ ಯಂತ್ರವೂ ಬೇಡ. "ಅಮ್ಮಾ, ಮನೇಲಿ ಹಾಕ್ಕೊಳ್ಳೋ ಹಾಗೇ ಒಂದು ಹನಿ ಹಾಕ್ಕೊಂಡು ತೋರಿಸಿ" ಎಂದು ಬಾಟಲಿ ಕೈಗೆ ಕೊಡುತ್ತೇನೆ.

ಎಪ್ಪತ್ತು ದಾಟಿದ ಕೈ ಸ್ವಲ್ಪ ನಡುಗುತ್ತದೆ. ತಲೆ ಹಿಂದಕ್ಕೆ ಬಾಗುತ್ತದೆ, ಆದರೆ ಕುತ್ತಿಗೆ ನೋವಿಗೆ ಪೂರ್ತಿ ಬಾಗುವುದಿಲ್ಲ. ಬಾಟಲಿಯ ತುದಿ ರೆಪ್ಪೆಕೂದಲಿಗೆ ತಾಗುತ್ತದೆ. ಹನಿ ಬೀಳುವ ಹೊತ್ತಿಗೆ ಸರಿಯಾಗಿ ಕಣ್ಣು ಮುಚ್ಚಿಕೊಳ್ಳುತ್ತದೆ, ಹನಿ ರೆಪ್ಪೆಯ ಮೇಲಿಂದ ಜಾರಿ ಕೆನ್ನೆಗೆ ಇಳಿಯುತ್ತದೆ. ಅವರು ಸೆರಗಿನಲ್ಲಿ ಒರೆಸಿಕೊಂಡು "ಹಾಕ್ಕೊಂಡೆ" ಎನ್ನುತ್ತಾರೆ. ಸುಳ್ಳಲ್ಲ. ಅವರ ಲೆಕ್ಕದಲ್ಲಿ ದಿನಾ ತಪ್ಪದೆ ಹಾಕಿದ್ದಾರೆ. ಇಂಥವರಿಗೆ ನಾಲ್ಕನೆಯ ಬಾಟಲಿ ಬರೆದುಕೊಟ್ಟು, ಅದೂ ಕೆಲಸ ಮಾಡಲಿಲ್ಲ ಎಂದು ಆಪರೇಷನ್ ಟೇಬಲ್ಲಿಗೆ ಮಲಗಿಸುವುದು ನ್ಯಾಯವಲ್ಲ.

ಆದ್ದರಿಂದ ಮನೆಯವರು ಮೊದಲು ಇದನ್ನು ನೋಡಿ. ಕೆಳರೆಪ್ಪೆಯನ್ನು ಬೆರಳಿನಿಂದ ಎಳೆದು ಹಿಡಿದರೆ ಸಣ್ಣ ಚೀಲದಂತಾಗುತ್ತದೆ, ಒಂದೇ ಹನಿ ಅಲ್ಲಿಗೆ ಬೀಳಬೇಕು. ಆಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಒಂದೆರಡು ನಿಮಿಷ ಮೆಲ್ಲಗೆ ಒತ್ತಿ ಹಿಡಿಯಬೇಕು. ಇನ್ನೊಂದು ಔಷಧಿ ಇದ್ದರೆ ಮಧ್ಯೆ ಐದು ನಿಮಿಷ ಬಿಡಬೇಕು, ಇಲ್ಲದಿದ್ದರೆ ಎರಡನೆಯದು ಮೊದಲನೆಯದನ್ನು ತೊಳೆದುಬಿಡುತ್ತದೆ. ಕೂತು ಆಗದಿದ್ದರೆ ಮಲಗಿ ಹಾಕಿಕೊಳ್ಳಲಿ, ಅದೂ ಆಗದಿದ್ದರೆ ಬೇರೆಯವರು ಹಾಕಲಿ. ಒತ್ತಡ ಅಪಾಯದ ಮಟ್ಟದಲ್ಲಿ ಇಲ್ಲದಿದ್ದರೆ ಹೀಗೆ ನಾಲ್ಕಾರು ವಾರ ನೋಡಿ ಮತ್ತೆ ಅಳೆಸಬಹುದು. ಒತ್ತಡ ತಾನಾಗಿ ಇಳಿದುಬಿಟ್ಟು ಆಪರೇಷನ್ ಮಾತೇ ನಿಂತುಹೋದದ್ದೂ ಉಂಟು.

ಆದರೆ ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಹನಿ ಹಾಕಿಕೊಳ್ಳಲು ನಿಜಕ್ಕೂ ಆಗದವರು, ಹಾಕಿದರೆ ಕಣ್ಣು ಕೆಂಡದಂತೆ ಕೆಂಪಾಗುವವರು, ಉಬ್ಬಸ ಇದ್ದು ಟಿಮೊಲಾಲ್‌ನಂಥ ಹನಿ ಹಾಕಬಾರದವರು, ಇವರಿಗೆಲ್ಲ "ಔಷಧಿ ಇನ್ನೂ ಪೂರ್ತಿ ಪ್ರಯತ್ನಿಸಿಲ್ಲ" ಎಂದು ಕಾಯಿಸುವುದು ತಪ್ಪು. ಅಸೆಟಾಜೋಲಮೈಡ್ ಮಾತ್ರೆ ನುಂಗಿದರೆ ಮಾತ್ರ ಒತ್ತಡ ಹಿಡಿತದಲ್ಲಿರುತ್ತದೆ ಎಂದಾದರೆ ಅದನ್ನು ಹಿಡಿತ ಎಂದು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕೈಕಾಲು ಜುಮ್ಮೆನ್ನಿಸುವ, ಸುಸ್ತು ಮಾಡುವ, ಮೂತ್ರಪಿಂಡದಲ್ಲಿ ಕಲ್ಲು ತರಬಲ್ಲ ಮಾತ್ರೆ ಅದು. ಆಪರೇಷನ್ ದಿನದ ತನಕ ದಾಟಿಸುವುದಕ್ಕೆ ಸರಿ.

ಯಾವ ಗ್ಲಾಕೋಮಾ ಎಂದು ತಿಳಿಯದೆ ಕತ್ತರಿ ಬೇಡ

ಕಣ್ಣೊಳಗಿನ ನೀರು ಹೊರಹೋಗುವ ಮೂಲೆ ತೆರೆದಿದೆಯೋ ಮುಚ್ಚಿದೆಯೋ ಎಂದು ನೋಡಲು ಗೊನಿಯೊಸ್ಕೋಪಿ ಎಂಬ ಪರೀಕ್ಷೆ ಇದೆ. ಕಣ್ಣಿನ ಮೇಲೆ ಕನ್ನಡಿಗಳಿರುವ ಲೆನ್ಸ್ ಇಟ್ಟು ಮಾಡುತ್ತಾರೆ, ಎರಡು ನಿಮಿಷದ ಕೆಲಸ. ಇದನ್ನು ಮಾಡದೆ ಆಪರೇಷನ್ ಹೇಳಿದ್ದರೆ ಧೈರ್ಯವಾಗಿ ಕೇಳಿ.

ಮೂಲೆ ಮುಚ್ಚಿದ್ದರೆ ಹಲವರಿಗೆ ಕಣ್ಣಿನ ಮಸೂರ ತೆಗೆಯುವುದೇ, ಅಂದರೆ ಪೊರೆ ಆಪರೇಷನ್ನೇ ಒಳ್ಳೆಯ ಚಿಕಿತ್ಸೆ. 2016ರಲ್ಲಿ ಪ್ರಕಟವಾದ ಈಗಲ್ ಅಧ್ಯಯನದಲ್ಲಿ 50 ದಾಟಿದವರಲ್ಲಿ ಪೊರೆ ಇಲ್ಲದಿದ್ದರೂ ಮಸೂರ ತೆಗೆದದ್ದು ಕಣ್ಣಿನ ಬಣ್ಣದ ಪರದೆಗೆ ಲೇಸರ್ ರಂಧ್ರ ಮಾಡುವುದಕ್ಕಿಂತ ಮೇಲಾಗಿತ್ತು. ಮೂಲೆ ತೆರೆದಿದ್ದರೆ ಎಸ್‌ಎಲ್‌ಟಿ ಲೇಸರ್ (ಆ ಮೂಲೆಗೆ ಕೊಟ್ಟು ನೀರು ಸುಲಭವಾಗಿ ಹೊರಹೋಗುವಂತೆ ಮಾಡುವುದು) ಆಗಿದೆಯೇ ಎಂದು ನೋಡಿ. 2019ರ ಲೈಟ್ ಅಧ್ಯಯನದಲ್ಲಿ ಮೊದಲೇ ಈ ಲೇಸರ್ ಪಡೆದ ಸುಮಾರು ಮುಕ್ಕಾಲು ಪಾಲು ಕಣ್ಣುಗಳು ಮೂರು ವರ್ಷ ಹನಿಯಿಲ್ಲದೆ ಒತ್ತಡದ ಗುರಿಯಲ್ಲಿದ್ದವು. ಆದರೆ ಅವು ಹೆಚ್ಚಾಗಿ ಆರಂಭದ ಹಂತದ ಕಣ್ಣುಗಳು. ನರ ಬಹಳ ಹೋಗಿದ್ದು ಒತ್ತಡ 35 (ಮಾಮೂಲು 10ರಿಂದ 21) ಇರುವ ಕಣ್ಣಿಗೆ ಎಸ್‌ಎಲ್‌ಟಿ ನಂಬಿ ತಿಂಗಳುಗಟ್ಟಲೆ ಕಾಯಬಾರದು.

ಸ್ಟೀರಾಯ್ಡ್ ಬಗ್ಗೆ ಎಲ್ಲರನ್ನೂ ಕೇಳಬೇಕು. ಕಣ್ಣಿನ ತುರಿಕೆಗೆ ಅಂಗಡಿಯಿಂದ ತಂದ ಹನಿ, ಮುಖಕ್ಕೆ ಹಚ್ಚುವ ಕ್ರೀಮು, ಉಬ್ಬಸದ ಇನ್‌ಹೇಲರ್, ಕೀಲಿಗೆ ಕೊಟ್ಟ ಇಂಜೆಕ್ಷನ್ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಸ್ಟೀರಾಯ್ಡ್‌ನಿಂದ ಏರಿದ ಒತ್ತಡ ಅದನ್ನು ನಿಲ್ಲಿಸಿದ ಕೆಲವು ವಾರಗಳಲ್ಲಿ ಎಷ್ಟೋ ಸಲ ಇಳಿಯುತ್ತದೆ. ನುಂಗುವ ಸ್ಟೀರಾಯ್ಡ್ ಅನ್ನು ಮಾತ್ರ ನೀವಾಗಿಯೇ ಥಟ್ಟನೆ ನಿಲ್ಲಿಸಬೇಡಿ, ಬರೆದುಕೊಟ್ಟ ಡಾಕ್ಟರನ್ನು ಕೇಳಿ.

ಸಕ್ಕರೆ ಕಾಯಿಲೆಯಿಂದಲೋ ಅಕ್ಷಿಪಟಲದ ರಕ್ತನಾಳ ಕಟ್ಟಿಕೊಂಡೋ ಹೊಸ ರಕ್ತನಾಳಗಳು ಬೆಳೆದು ಬಂದ ಗ್ಲಾಕೋಮಾ ಆದರೆ, ಮೊದಲು ಆ ನಾಳಗಳನ್ನು ಒಣಗಿಸುವ ಇಂಜೆಕ್ಷನ್ ಮತ್ತು ಲೇಸರ್, ಆಮೇಲೆ ಒತ್ತಡದ ಆಪರೇಷನ್. ಮಕ್ಕಳ ವಿಷಯ ಪೂರ್ತಿ ಬೇರೆ. ಹುಟ್ಟಿನಿಂದ ಬಂದ ಗ್ಲಾಕೋಮಾಕ್ಕೆ ಆಪರೇಷನ್ನೇ ಮೊದಲ ಚಿಕಿತ್ಸೆ, ಹನಿ ಅಲ್ಲಿಯತನಕ ಕಾಯುವ ಆಸರೆ ಅಷ್ಟೇ. ಮಗುವಿನ ಕಣ್ಣು ದೊಡ್ಡದಾಗಿ, ಮಸುಕಾಗಿ, ಸದಾ ನೀರು ಸುರಿಯುತ್ತಾ, ಬೆಳಕು ಕಂಡರೆ ಮುಖ ಮುಚ್ಚಿಕೊಳ್ಳುವಂತಿದ್ದರೆ ಒಂದು ವಾರವನ್ನೂ ಕಳೆಯಬೇಡಿ.

ಎಲ್ಲಕ್ಕಿಂತ ಮುಖ್ಯ: ದೃಷ್ಟಿ ಯಾವ ವೇಗದಲ್ಲಿ ಹೋಗುತ್ತಿದೆ?

ಮನೆಯವರು ಕೇಳುವುದು "ಪ್ರೆಶರ್ ಎಷ್ಟಿದೆ?" ಎಂದು. ನನ್ನ ಕಣ್ಣು ಹೋಗುವುದು ಫೀಲ್ಡ್ ಟೆಸ್ಟಿನ (ಬೆಳಕಿನ ಚುಕ್ಕಿ ಕಂಡಾಗ ಗುಂಡಿ ಒತ್ತಿಸಿ ದೃಷ್ಟಿಯ ಹರವನ್ನು ಅಳೆಯುವ ಪರೀಕ್ಷೆ) ಹಳೆಯ ಕಾಗದಗಳ ಕಡೆಗೆ. ದಯವಿಟ್ಟು ಅವನ್ನು ಬಿಸಾಡಬೇಡಿ. ಐದು ವರ್ಷದ ಹಿಂದಿನ ಒಂದು ಹಾಳೆ ಇವತ್ತು ತೆಗೆಸಿದ ಹೊಸ ಸ್ಕ್ಯಾನಿಗಿಂತ ಹೆಚ್ಚು ಹೇಳಬಲ್ಲದು.

ಆ ಹಾಳೆಯಲ್ಲಿ ಎಂಡಿ ಎಂಬ ಒಂದು ಅಂಕಿ ಇರುತ್ತದೆ, ಡೆಸಿಬೆಲ್ ಲೆಕ್ಕದಲ್ಲಿ. ಆರೋಗ್ಯವಂತರಿಗೆ ಅದು ಸೊನ್ನೆಯ ಆಸುಪಾಸು. ಮೈನಸ್ 6ರ ತನಕ ಆರಂಭದ ಹಂತ, ಮೈನಸ್ 12 ದಾಟಿದರೆ ಮುಂದುವರಿದ ಹಂತ ಎನ್ನುತ್ತೇವೆ. ಮೈನಸ್ 22ರ ಸುತ್ತಮುತ್ತ ಬಂದರೆ ಓಡಾಟಕ್ಕೂ ಇನ್ನೊಬ್ಬರ ಕೈ ಬೇಕಾಗುವಂಥ ದೃಷ್ಟಿ.

ಇಬ್ಬರನ್ನು ಪಕ್ಕಪಕ್ಕ ಇಟ್ಟು ನೋಡಿ. ಒಬ್ಬರಿಗೆ 58 ವರ್ಷ, ಎಂಡಿ ಮೈನಸ್ 8, ವರ್ಷಕ್ಕೆ ಒಂದೂವರೆ ಡೆಸಿಬೆಲ್ ಇಳಿಯುತ್ತಿದೆ. ಇನ್ನೊಬ್ಬರಿಗೆ 82, ಎಂಡಿ ಮೈನಸ್ 10, ವರ್ಷಕ್ಕೆ 0.3 ಇಳಿಯುತ್ತಿದೆ. ಇಬ್ಬರ ಒತ್ತಡವೂ 19. ಇವತ್ತಿನ ಹಾಳೆ ಮಾತ್ರ ನೋಡಿದರೆ ಹಿರಿಯರ ಸ್ಥಿತಿಯೇ ಕೆಟ್ಟದ್ದು. ಹತ್ತು ವರ್ಷ ಮುಂದಕ್ಕೆ ಲೆಕ್ಕ ಹಾಕಿ: ಹಿರಿಯರು 92ರಲ್ಲಿ ಮೈನಸ್ 13ರಲ್ಲಿ ಇರುತ್ತಾರೆ, ಇನ್ನೂ ಮನೆಯೊಳಗೆ ತಮ್ಮ ಪಾಡಿಗೆ ಓಡಾಡಿಕೊಂಡು. ಮೊದಲನೆಯವರು 68ಕ್ಕೇ ಮೈನಸ್ 23, ಮುಂದೆ ಇಪ್ಪತ್ತು ವರ್ಷದ ಬದುಕು ಇಟ್ಟುಕೊಂಡು. ಆಪರೇಷನ್ ಬೇಕಾದದ್ದು "ನನಗೇನೂ ಆಗಿಲ್ಲ, ಚೆನ್ನಾಗೇ ಕಾಣುತ್ತೆ" ಎನ್ನುವ ಆ 58ರವರಿಗೆ. ಒಂದು ಕಣ್ಣಿನಲ್ಲಿ ಹೋದ ಜಾಗವನ್ನು ಇನ್ನೊಂದು ಕಣ್ಣು ತುಂಬುತ್ತದೆ, ಉಳಿದದ್ದನ್ನು ಮೆದುಳು ತುಂಬುತ್ತದೆ, ಅದಕ್ಕೇ ಅವರಿಗೆ ಗೊತ್ತಾಗುವುದಿಲ್ಲ.

ಈ ವೇಗವನ್ನು ಎರಡು ಹಾಳೆಯಿಂದ ಹೇಳಲಾಗದು. ಮೊದಲ ಒಂದೆರಡು ಟೆಸ್ಟಿನಲ್ಲಿ ಗುಂಡಿ ಒತ್ತುವುದನ್ನು ಕಲಿಯುವುದರಲ್ಲೇ ಸಮಯ ಹೋಗುತ್ತದೆ. ನಿದ್ದೆ ಕೆಟ್ಟ ದಿನ, ರೆಪ್ಪೆ ಜೋತುಬಿದ್ದ ದಿನ ಫಲಿತಾಂಶ ಹಾಳಾಗುತ್ತದೆ. ಹೊಸದಾಗಿ ಪತ್ತೆಯಾದವರಿಗೆ ಮೊದಲ ಎರಡು ವರ್ಷದಲ್ಲಿ ಆರು ಟೆಸ್ಟ್ ಮಾಡಿ ಎನ್ನುವುದು ಅದಕ್ಕೇ. ನರದ ಪದರದ ದಪ್ಪ ಅಳೆಯುವ ಓಸಿಟಿ ಸ್ಕ್ಯಾನ್ ಆರಂಭದ ಹಂತದಲ್ಲಿ ಬಹಳ ಉಪಯುಕ್ತ. ಆದರೆ ನರದ ಪದರ ತೀರಾ ತೆಳುವಾದ ಮೇಲೆ ಅದರ ಅಂಕಿ ಕೆಳಗಿಳಿಯುವುದನ್ನೇ ನಿಲ್ಲಿಸುತ್ತದೆ, ಕಾಯಿಲೆ ನಿಂತಿತು ಎಂದು ಸಮಾಧಾನಪಡಬಾರದು. ನಡುದೃಷ್ಟಿಗೆ ಕುತ್ತು ಬಂದಿದೆಯೇ ಎಂದು ನೋಡಲು 10-2 ಎಂಬ ಬೇರೆ ಟೆಸ್ಟ್ ಕೇಳಿ.

ವೇಗ ತಿಳಿಯುವ ತನಕ ಕಾಯಲು ಆಗದವರೂ ಇದ್ದಾರೆ. ಮೊದಲ ಸಲ ಬಂದಾಗಲೇ ಮುಕ್ಕಾಲು ಪಾಲು ಹೋಗಿರುವವರು ಇವರು. 2021ರಲ್ಲಿ ಪ್ರಕಟವಾದ ಬ್ರಿಟನ್ನಿನ ಟ್ಯಾಗ್ಸ್ ಅಧ್ಯಯನ ಇಂಥ 453 ಜನರ ಮೇಲೆ ನಡೆಯಿತು. ಎರಡು ವರ್ಷದ ಕೊನೆಗೆ ಆಪರೇಷನ್ ಆದವರ ಸರಾಸರಿ ಒತ್ತಡ 12.4, ಹನಿಯವರದು 15.1. ದೃಷ್ಟಿಗೇ ಕುತ್ತಾಗುವಂಥ ತೊಂದರೆಗಳು ಆಪರೇಷನ್ ಗುಂಪಿನಲ್ಲಿ ಹೆಚ್ಚೇನೂ ಇರಲಿಲ್ಲ. ಇದನ್ನು ಓದಿದ ಮೇಲೆ ಮುಂದುವರಿದ ಹಂತದಲ್ಲಿ ಬಂದವರ ಜೊತೆ ಮೊದಲ ಭೇಟಿಯಲ್ಲೇ ಆಪರೇಷನ್ ಮಾತೆತ್ತಲು ನಾನು ಹಿಂಜರಿಯುವುದಿಲ್ಲ.

ಎಷ್ಟಕ್ಕೆ ಇಳಿಸಬೇಕು?

ಮಾಮೂಲು ಒತ್ತಡ 10ರಿಂದ 21 ಮಿಲಿಮೀಟರ್ ಪಾದರಸ ಎಂದು ಎಲ್ಲರೂ ಓದಿರುತ್ತಾರೆ. ಆ ಅಂಕಿ ಆರೋಗ್ಯವಂತ ಕಣ್ಣಿನದು. ನರ ಬಹಳ ಹೋಗಿರುವ ಕಣ್ಣಿಗೆ 18 ಕೂಡ ಭಾರ. 2000ದಲ್ಲಿ ಬಂದ ಏಜಿಸ್ ಅಧ್ಯಯನದ ವರದಿಯಲ್ಲಿ ಪ್ರತಿ ಭೇಟಿಯಲ್ಲೂ 18ರ ಕೆಳಗೇ ಇದ್ದ, ಸರಾಸರಿ 12ರ ಹತ್ತಿರ ಇದ್ದ ಕಣ್ಣುಗಳ ಫೀಲ್ಡ್ ಒಟ್ಟಾರೆ ಹದಗೆಡಲಿಲ್ಲ. "ಪ್ರತಿ ಭೇಟಿಯಲ್ಲೂ" ಎಂಬುದನ್ನು ಗಮನಿಸಿ. ಬೆಳಿಗ್ಗೆ 14, ಸಂಜೆ 24 ಇರುವ ಕಣ್ಣು ಬೆಳಿಗ್ಗೆಯ ಅಳತೆಯಲ್ಲಿ ಒಳ್ಳೆಯದಾಗಿ ಕಾಣುತ್ತದೆ. ಬೇರೆ ಬೇರೆ ಹೊತ್ತಿನಲ್ಲಿ ಅಳೆಸಿ, ಕಾರ್ನಿಯಾದ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರದ ದಪ್ಪವನ್ನೂ ಒಮ್ಮೆ ನೋಡಿಸಿ. ಸರಾಸರಿ 540 ಮೈಕ್ರಾನ್ ಇರುತ್ತದೆ, ಅದಕ್ಕಿಂತ ತುಂಬ ತೆಳುವಾಗಿದ್ದರೆ ಯಂತ್ರ ನಿಜಕ್ಕಿಂತ ಕಡಿಮೆ ತೋರಿಸುತ್ತದೆ.

ಈ ಗುರಿಯೇ ಯಾವ ಆಪರೇಷನ್ ಎಂಬುದನ್ನೂ ಹೇಳುತ್ತದೆ. ಗುರಿ 11 ಅಥವಾ 12 ಆದರೆ ಟ್ರಾಬೆಕ್ಯುಲೆಕ್ಟಮಿಯೇ ಇವತ್ತಿಗೂ ನಂಬಿಕೆಯದು. 1968ರಿಂದ ನಡೆದುಬಂದದ್ದು. ಮೇಲ್ರೆಪ್ಪೆಯ ಅಡಿಯಲ್ಲಿ ಕಣ್ಣಿನ ಬಿಳಿಗೋಡೆಗೆ ಸಣ್ಣ ಬಾಗಿಲು ಮಾಡುತ್ತಾರೆ, ಒಳಗಿನ ನೀರು ಅದರ ಮೂಲಕ ಬಂದು ಮೇಲಿನ ತೆಳು ಪದರದ ಕೆಳಗೆ ನೀರುಗುಳ್ಳೆಯಂಥ ಉಬ್ಬಾಗಿ ನಿಲ್ಲುತ್ತದೆ. ಅದಕ್ಕೆ ಬ್ಲೆಬ್ ಎನ್ನುತ್ತಾರೆ. ಆರಂಭದ ಹಂತ, ಜೊತೆಗೆ ಪೊರೆಯೂ ಇದೆ, ಹನಿ ಒಂದೆರಡು ಕಡಿಮೆಯಾದರೆ ಸಾಕು ಎಂದಾದರೆ ಪೊರೆ ತೆಗೆಯುವಾಗಲೇ ನೀರು ಹೊರಹೋಗಲು ದಾರಿ ಮಾಡುವ ಸಣ್ಣ ಸ್ಟೆಂಟ್ ಇಡುವುದು ಸುಲಭದ ದಾರಿ. ಹನ್ನೊಂದಕ್ಕೆ ಇಳಿಯಬೇಕಾದ ಕಣ್ಣಿಗೆ ಅದು ಸಾಲದು.

ಆ ಕಣ್ಣು ಆಪರೇಷನ್ ತಾಳುತ್ತದೆಯೇ?

ಬ್ಲೆಬ್ ಉಳಿಯಬೇಕಾದರೆ ಕಣ್ಣಿನ ಮೇಲಿನ ತೆಳು ಪದರ ಮೆತ್ತಗೆ, ಸಡಿಲವಾಗಿ ಇರಬೇಕು. ಮೇಲ್ರೆಪ್ಪೆ ಎತ್ತಿ, ಹತ್ತಿಕಡ್ಡಿಯಿಂದ ಆ ಪದರವನ್ನು ಸರಿಸಿ ನೋಡುತ್ತೇವೆ. ಜಾರಿದರೆ ಒಳ್ಳೆಯದು, ಅಂಟಿಕೊಂಡಿದ್ದರೆ ಹಳೆಯ ಗಾಯ ಎಂದರ್ಥ. ಹಿಂದಿನ ಆಪರೇಷನ್, ಕಣ್ಣೊಳಗಿನ ಉರಿಯೂತ, ಚಿಕ್ಕ ವಯಸ್ಸು ಎಲ್ಲವೂ ಬಾಗಿಲು ಬೇಗ ಮುಚ್ಚಿಕೊಳ್ಳುವಂತೆ ಮಾಡುತ್ತವೆ. ವರ್ಷಾನುಗಟ್ಟಲೆ ಹಾಕಿದ ಹನಿಗಳಲ್ಲಿನ ಸಂರಕ್ಷಕ ರಾಸಾಯನಿಕವೂ ಆ ಪದರವನ್ನು ಕೆರಳಿಸುತ್ತದೆ. ನಾಲ್ಕು ಬಾಟಲಿ ಹನಿಯ ಮೇಲೆ ಹತ್ತು ವರ್ಷ ಎಳೆದಾಡಿ ಕೊನೆಗೆ ಆಪರೇಷನ್ನಿಗೆ ಬಂದರೆ ಗೆಲ್ಲುವ ಸಾಧ್ಯತೆಯನ್ನು ನಾವೇ ಕಡಿಮೆ ಮಾಡಿಕೊಂಡಂತೆ.

ಹಿಂದೆ ಪೊರೆ ಆಪರೇಷನ್ ಆಗಿರುವ ಅಥವಾ ಟ್ರಾಬೆಕ್ಯುಲೆಕ್ಟಮಿ ಸೋತಿರುವ ಕಣ್ಣುಗಳಲ್ಲಿ ಒಳಗಿನ ನೀರನ್ನು ಹೊರಗೆ ಹರಿಸುವ ಸಣ್ಣ ಟ್ಯೂಬ್ ಇಡುವುದನ್ನು ಯೋಚಿಸುತ್ತೇವೆ. ಇಂಥ ಕಣ್ಣುಗಳನ್ನೇ ಐದು ವರ್ಷ ಹಿಂಬಾಲಿಸಿದ ಒಂದು ದೊಡ್ಡ ಅಧ್ಯಯನದಲ್ಲಿ ಟ್ಯೂಬ್ ಗುಂಪಿನಲ್ಲಿ ನೂರಕ್ಕೆ ಸುಮಾರು 30, ಟ್ರಾಬೆಕ್ಯುಲೆಕ್ಟಮಿ ಗುಂಪಿನಲ್ಲಿ ಸುಮಾರು 47 ಸೋತಿದ್ದವು.

ಮೂರು ಅಪಾಯಗಳನ್ನು ಮುಚ್ಚಿಡಬಾರದು. ಕನ್ನಡಕಕ್ಕೆ ದೊಡ್ಡ ಮೈನಸ್ ನಂಬರ್ ಇರುವ ಕಿರಿಯರಲ್ಲಿ ಒತ್ತಡ ಅತಿಯಾಗಿ ಇಳಿದು ಅಕ್ಷಿಪಟಲ ಸುಕ್ಕಾಗಬಹುದು. ವಯಸ್ಸಾದವರಲ್ಲಿ, ಒತ್ತಡ ತುಂಬಾ ಏರಿದ್ದವರಲ್ಲಿ ಕಣ್ಣಿನ ಹಿಂಭಾಗದಲ್ಲಿ ರಕ್ತಸ್ರಾವವಾಗಬಹುದು. ಇನ್ನು ನಡುವೆ ಚೂರು ದೃಷ್ಟಿ ಮಾತ್ರ ಉಳಿದಿರುವ ಕಣ್ಣಿನಲ್ಲಿ ಆಪರೇಷನ್ನಿನ ಹೊತ್ತಿಗೆ ಅದೂ ಆರಿಹೋಗುವುದುಂಟು, ಅಪರೂಪಕ್ಕೆ. ಹಾಗೆಂದು ಅವರನ್ನು ಬಿಟ್ಟುಬಿಡುವಂತಿಲ್ಲ, ಏಕೆಂದರೆ ಒತ್ತಡ ಇಳಿಯಲೇಬೇಕಾದವರೂ ಅವರೇ. ಅದನ್ನು ರೋಗಿಗೂ ಮನೆಯವರಿಗೂ ಒಟ್ಟಿಗೆ ಕೂರಿಸಿ ಬಿಡಿಸಿ ಹೇಳಬೇಕು. ಇನ್ನೊಂದು ಕಣ್ಣಿಗೆ ಹಿಂದೆ ಆಪರೇಷನ್ ಆಗಿ ಏನಾದರೂ ತೊಂದರೆಯಾಗಿದ್ದರೆ ಮರೆಯದೆ ತಿಳಿಸಿ.

ರೆಪ್ಪೆಯಂಚಿನ ಸೋಂಕು ಇದ್ದರೆ ಮೊದಲು ಅದು ವಾಸಿಯಾಗಲಿ. ರಕ್ತ ತೆಳುವಾಗಿಸುವ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಹೃದಯದ ಡಾಕ್ಟರೂ ಕಣ್ಣಿನ ಡಾಕ್ಟರೂ ಮಾತಾಡಿಕೊಳ್ಳಲಿ. ಒಂದು ಗಂಟೆ ಅಂಗಾತ ಮಲಗಲು ಆಗುತ್ತದೆಯೇ, ಬಿಡದ ಕೆಮ್ಮು ಇದೆಯೇ ಎಂದೂ ಹೇಳಿ.

ಆಮೇಲಿನ ಮೂರು ತಿಂಗಳು ಯಾರು ನೋಡಿಕೊಳ್ಳುತ್ತಾರೆ?

ಒಂದು ಗಂಟೆಯ ಆಪರೇಷನ್ ಅರ್ಧ ಕೆಲಸ. ಉಳಿದರ್ಧ ಮುಂದಿನ ಮೂರು ತಿಂಗಳಲ್ಲಿದೆ. ಮರುದಿನ ತೋರಿಸಬೇಕು, ಮೊದಲ ತಿಂಗಳು ವಾರವಾರ ಬರಬೇಕು. ಎಚ್ಚರವಿರುವಷ್ಟು ಹೊತ್ತು ಎರಡೆರಡು ಗಂಟೆಗೆ ಸ್ಟೀರಾಯ್ಡ್ ಹನಿ, ಅದನ್ನು ಮೆಲ್ಲಮೆಲ್ಲಗೆ ಎರಡು ಮೂರು ತಿಂಗಳಲ್ಲಿ ಇಳಿಸಬೇಕು. ಬಾಗಿಲು ಬಿಗಿಯಾದರೆ ಹೊಲಿಗೆಯನ್ನು ಲೇಸರ್‌ನಿಂದ ಕತ್ತರಿಸುತ್ತೇವೆ, ಪದರ ಅಂಟಿಕೊಂಡರೆ ಸೂಜಿಯಿಂದ ಬಿಡಿಸುತ್ತೇವೆ. ಇವೆಲ್ಲ ಸರಿಯಾದ ವಾರದಲ್ಲೇ ಆಗಬೇಕು. ಎರಡು ವಾರ ತಪ್ಪಿಸಿ ಬಂದರೆ ಬಾಗಿಲು ಮುಚ್ಚಿರುತ್ತದೆ.

ಆದ್ದರಿಂದ ದಿನ ಗೊತ್ತು ಮಾಡುವ ಮುಂಚೆ ಮನೆಯವರನ್ನು ನೇರವಾಗಿ ಕೇಳುತ್ತೇನೆ: ಕರೆದುಕೊಂಡು ಬರುವವರು ಯಾರು? ಹಗಲಿನಲ್ಲಿ ಹನಿ ಹಾಕುವವರು ಯಾರು? ಭಾರ ಎತ್ತದೆ, ಬಗ್ಗದೆ, ಕಣ್ಣುಜ್ಜದೆ ಇರುವಂಥ ಕೆಲಸವೇ? ಉತ್ತರ ಸಿಗದಿದ್ದರೆ ಒಂದು ತಿಂಗಳು ಮುಂದೂಡಿ ಏರ್ಪಾಡು ಮಾಡಿಕೊಳ್ಳುವುದು ವಾಸಿ. ಒಬ್ಬರೇ ಇರುವವರಿಗೆ ಕಡಿಮೆ ಭೇಟಿ ಬೇಡುವ ಬೇರೆ ವಿಧಾನ ಹುಡುಕಬೇಕು, ಒತ್ತಡ ಅಷ್ಟೊಂದು ಇಳಿಯದಿದ್ದರೂ ಸರಿ.

ಬ್ಲೆಬ್ ಇರುವ ಕಣ್ಣಿಗೆ ಸೋಂಕಿನ ಅಪಾಯ ಜೀವನಪೂರ್ತಿ ಇರುತ್ತದೆ. ಹತ್ತು ವರ್ಷದ ನಂತರವೂ ಕಣ್ಣು ಕೆಂಪಾಗಿ, ನೋವು, ಪಿಸುರು, ಮಂಜು ಕಂಡರೆ ಅದೇ ದಿನ ತೋರಿಸಬೇಕು. ನಾಳೆ ನೋಡೋಣ ಎನ್ನುವ ಸ್ವಭಾವದವರಾದರೆ ಇದನ್ನು ಮನೆಯ ಎಲ್ಲರಿಗೂ ಹೇಳಿಡಿ.

ಈಗ ಬೇಡ ಎಂದು ತೀರ್ಮಾನವಾದರೆ

ಅದನ್ನೂ ಬರೆಸಿಕೊಳ್ಳಿ. ಯಾವ ಒತ್ತಡ ದಾಟಿದರೆ, ಫೀಲ್ಡ್ ಎಷ್ಟು ಇಳಿದರೆ ಮತ್ತೆ ಯೋಚಿಸಬೇಕು, ಮುಂದಿನ ಟೆಸ್ಟ್ ಯಾವ ತಿಂಗಳು ಎಂದು ಫೈಲಿನ ಮೊದಲ ಪುಟದಲ್ಲೇ ಇರಲಿ. "ನೋಡೋಣ" ಎಂದು ಬಿಟ್ಟವರು ಎರಡು ವರ್ಷ ಕಳೆದು ಬರುವುದನ್ನು ಕಂಡು ನನಗೆ ತುಂಬ ಸಂಕಟವಾಗಿದೆ.

ಮಾಡಿಸುವುದು ಎಂದಾದರೆ, ಇನ್ನೊಂದು ಕಣ್ಣಿನ ಹನಿಗಳನ್ನು ಏನು ಮಾಡಬೇಕು ಎಂದು ಹೊರಡುವ ಮುಂಚೆ ಕೇಳಿ ಬರೆಸಿಕೊಳ್ಳಿ. ಆಪರೇಷನ್ ಆದ ಕಣ್ಣಿಗೆ ಹಳೆಯ ಹನಿ ಸಾಮಾನ್ಯವಾಗಿ ನಿಲ್ಲುತ್ತದೆ, ಮಾತ್ರೆಯೂ ನಿಲ್ಲುತ್ತದೆ. ಆ ಗಡಿಬಿಡಿಯಲ್ಲಿ ಎರಡೂ ಕಣ್ಣಿನ ಹನಿ ನಿಂತುಹೋಗಿ, ಚೆನ್ನಾಗಿದ್ದ ಕಣ್ಣಿನ ಒತ್ತಡ ಏರಿಬಿಡುತ್ತದೆ. ಬಾಟಲಿಗಳ ಮೇಲೆ "ಎಡ", "ಬಲ" ಎಂದು ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿ, ಪ್ರತಿ ಭೇಟಿಯಲ್ಲೂ ಎರಡೂ ಕಣ್ಣಿನ ಒತ್ತಡ ನೋಡಿಸಿ.